ಟಿಪ್ಪಣಿಗೊಂದು ವಿಳಾಸ: ಕರಡು ಪರಿಶೀಲನೆಗೆ ನಾವು ಕಟ್ಟಿಕೊಂಡ ವ್ಯವಸ್ಥೆ

ಮಳೆಕೊಯ್ಲಿನ ಬಗ್ಗೆ ನಾವು ತಂದ ಕೈಪಿಡಿಯ ಮೊದಲ ಮುದ್ರಣದಲ್ಲಿ ಒಂದು ತಪ್ಪು ಉಳಿದುಹೋಯಿತು. ಸಾವಿರ ಚದರ ಅಡಿ ತಾರಸಿ, ಅಂದರೆ ಸುಮಾರು 93 ಚದರ ಮೀಟರ್; ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದು ಇಟ್ಟುಕೊಂಡರೆ 74,400 ಲೀಟರ್ ನೀರು ತೊಟ್ಟಿಗೆ ಬರುತ್ತದೆ ಎಂದು ಅಚ್ಚಾಗಿತ್ತು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು, ಆ ಲೆಕ್ಕವೇನೋ ಸರಿ. ಆದರೆ ಬಿದ್ದದ್ದೆಲ್ಲ ತೊಟ್ಟಿಗೆ ಇಳಿಯುವುದಿಲ್ಲ. ಒಂದಷ್ಟು ಆವಿಯಾಗುತ್ತದೆ, ಒಂದಷ್ಟನ್ನು ಕಾಂಕ್ರೀಟು ಹೀರುತ್ತದೆ, ಮೊದಲ ಮಳೆಯ ಕೊಳೆನೀರನ್ನು ನಾವೇ ಹೊರಗೆ ಬಿಡುತ್ತೇವೆ. ಅದಕ್ಕಾಗಿ ಹರಿವಿನ ಗುಣಾಂಕವಾದ 0.8ರಿಂದ ಗುಣಿಸಬೇಕು, ಆಗ ಉಳಿಯುವುದು 59,520 ಲೀಟರ್. ಪುಸ್ತಕ ನೋಡಿ ತೊಟ್ಟಿ ಕಟ್ಟಿಸುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಹೆಚ್ಚು ನೋವಾದದ್ದು ಆಮೇಲೆ. ಕರಡು ನೋಡಿದ್ದ ಎಂಜಿನಿಯರ್ ಒಬ್ಬರು ಅದೇ ಸಾಲಿನ ಪಕ್ಕದಲ್ಲಿ ‘ಹರಿವಿನ ಗುಣಾಂಕ ಸೇರಿಸಿ’ ಎಂದು ಬರೆದು ಕಳುಹಿಸಿದ್ದರು. ಆ ಕಡತ ನನ್ನ ಇಮೇಲಿನಲ್ಲೇ ಇತ್ತು. ಏಳು ಜನ ಪರಿಶೀಲಕರಿಗೆ ಏಳು ಪ್ರತಿ ಕಳುಹಿಸಿ, ಬಂದ ಟಿಪ್ಪಣಿಗಳನ್ನು ಒಂದೊಂದಾಗಿ ಮೂಲ ಪ್ರತಿಗೆ ಕೈಯಾರೆ ಇಳಿಸಿಕೊಳ್ಳುವುದು ಆಗಿನ ನಮ್ಮ ಪದ್ಧತಿ. ಅವರ ಪ್ರತಿ ಅರ್ಧ ಮುಗಿದಿದ್ದ ಸಂಜೆ ಬೇರೆ ಕೆಲಸ ಬಂತು. ಮರುದಿನ ಅದು ಮುಗಿದಿದೆ ಎಂದುಕೊಂಡು ಮುಂದಿನ ಪ್ರತಿ ತೆರೆದೆ. ಕ್ಷಮೆ ಕೇಳಲು ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಾನು ಬರೆದದ್ದನ್ನು ನೀವು ನೋಡಲಿಲ್ಲವೋ, ನೋಡಿಯೂ ಒಪ್ಪಲಿಲ್ಲವೋ, ನನಗೆ ಹೇಗೆ ತಿಳಿಯಬೇಕು?’ ಎರಡನೆಯ ಮುದ್ರಣಕ್ಕೆ ಕೈಹಾಕುವ ಮೊದಲು ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ವ್ಯವಸ್ಥೆ ನಮ್ಮಲ್ಲಿರಬೇಕು ಎಂದು ಆಗಲೇ ನಿಶ್ಚಯಿಸಿದೆ.

ಬೇಕಾಗಿದ್ದದ್ದು ಇಷ್ಟೆ: ಎಲ್ಲರೂ ಒಂದೇ ಪ್ರತಿಯ ಮೇಲೆ ಬರೆಯಬೇಕು, ಪ್ರತಿ ಟಿಪ್ಪಣಿಗೂ ಬರೆದವರ ಹೆಸರು ಮತ್ತು ದಿನಾಂಕ ಇರಬೇಕು, ಅದರ ಬಗ್ಗೆ ಏನು ತೀರ್ಮಾನವಾಯಿತು ಎಂಬುದು ಅದರ ಕೆಳಗೇ ದಾಖಲಾಗಬೇಕು. ಗೂಗಲ್ ಡಾಕ್ಸ್‌ನಲ್ಲಿ ಇದೆಲ್ಲ ಸಿಗುತ್ತದೆ. ಇಪ್ಪತ್ತು ಪುಟದ ಬರಹಕ್ಕೆ ಅದೇ ಸಾಕು, ಏನನ್ನೂ ಅನುಸ್ಥಾಪಿಸುವ ತೊಂದರೆಯೇ ಇಲ್ಲ. ನಮ್ಮ ಕೈಪಿಡಿ ಮೊದಲಿನಿಂದಲೂ ಲಿಬ್ರೆ ಆಫೀಸ್ ಎಂಬ ಕಚೇರಿ ತಂತ್ರಾಂಶದ ಓಡಿಟಿ ರೂಪದ ಕಡತದಲ್ಲಿದೆ. ಅದರ ಶೈಲಿಗಳು, ಕೋಷ್ಟಕಗಳು, ಅಡ್ಡ ಉಲ್ಲೇಖಗಳು ಕದಲದಂತೆ ಅಲ್ಲೇ ಪರಿಶೀಲನೆ ನಡೆಯಬೇಕಿತ್ತು. ಹಾಗಾಗಿ ಕಡತಗಳನ್ನು ನಮ್ಮದೇ ಸರ್ವರಿನಲ್ಲಿಟ್ಟು ಹಂಚಿಕೊಳ್ಳುವ ನೆಕ್ಸ್ಟ್‌ಕ್ಲೌಡ್ ಮತ್ತು ಅದರೊಳಗೆ ಕಡತ ತೆರೆಯಲು ಕೊಲಾಬೊರಾ ಆನ್‌ಲೈನ್, ಈ ಜೋಡಿಯನ್ನು ಆರಿಸಿಕೊಂಡೆವು. ಎರಡೂ ಮುಕ್ತ ತಂತ್ರಾಂಶಗಳು. ಕೊಲಾಬೊರಾ ಎಂದರೆ ಬ್ರೌಸರಿನೊಳಗೆ ಕೆಲಸ ಮಾಡುವ ಲಿಬ್ರೆ ಆಫೀಸ್ ಎಂದೇ ಹೇಳಬಹುದು, ಆದ್ದರಿಂದ ಕಡತದ ರೂಪ ಬದಲಾಯಿಸುವ ಪ್ರಶ್ನೆಯೇ ಬರಲಿಲ್ಲ.

ಮೊದಲ ಪ್ರಯೋಗ ಕಚೇರಿಯ ಹಳೆಯ ಡೆಸ್ಕ್‌ಟಾಪಿನಲ್ಲಿ ನಡೆಯಿತು. ಎಂಟು ಜಿಬಿ ಮೆಮೊರಿ, ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ. ಅದರ ಮೇಲೆ ಡಾಕರ್ ಹಾಕಿ ಮೂರು ಕಂಟೇನರ್‌ಗಳನ್ನು, ಅಂದರೆ ತಂತ್ರಾಂಶಗಳು ಬೇರೆಬೇರೆಯಾಗಿ ಓಡುವ ಪೆಟ್ಟಿಗೆಗಳನ್ನು, ಎಬ್ಬಿಸಿದೆ: ನೆಕ್ಸ್ಟ್‌ಕ್ಲೌಡಿಗೆ ಒಂದು, ಅದರ ದತ್ತಸಂಚಯಕ್ಕೆ (ಡೇಟಾಬೇಸಿಗೆ) ಮಾರಿಯಾಡಿಬಿ, ಕೊಲಾಬೊರಾಕ್ಕೆ ಇನ್ನೊಂದು. ಇಷ್ಟಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಅವುಗಳಿಗೆ ಪರಸ್ಪರ ಪರಿಚಯ ಮಾಡಿಸಲು ಮಾತ್ರ ಮೂರು ದಿನ ಹಿಡಿಯಿತು.

ಎಡವಿದ ಜಾಗಗಳನ್ನು ಹೇಳಿಬಿಡುತ್ತೇನೆ, ಇದೇ ದಾರಿ ಹಿಡಿಯುವವರಿಗೆ ಆ ಮೂರು ದಿನ ಉಳಿಯಲಿ. ಕೊಲಾಬೊರಾದ ವಿಳಾಸ ಎಂದು ‘ಲೋಕಲ್‌ಹೋಸ್ಟ್’ ಎಂದು ಬರೆದಿದ್ದೆ. ಕಂಟೇನರಿನ ಒಳಗೆ ಆ ಹೆಸರಿಗೆ ಅರ್ಥ ‘ನಾನೇ’ ಎಂದು. ನೆಕ್ಸ್ಟ್‌ಕ್ಲೌಡ್ ತನ್ನ ಮನೆಯಲ್ಲೇ ಪಕ್ಕದ ಮನೆಯವರನ್ನು ಹುಡುಕುತ್ತಾ ಕುಳಿತಿತ್ತು. ಕೊಲಾಬೊರಾಕ್ಕೆ ಬ್ರೌಸರಿಗೂ ನೆಕ್ಸ್ಟ್‌ಕ್ಲೌಡಿಗೂ ಎರಡಕ್ಕೂ ಸಿಗುವಂಥ ಒಂದೇ ವಿಳಾಸ ಕೊಡಬೇಕು. ಆಮೇಲೆ, ಯಾವ ನೆಕ್ಸ್ಟ್‌ಕ್ಲೌಡಿನಿಂದ ಕಡತ ತೆಗೆದುಕೊಳ್ಳಬಹುದು ಎಂದು ಕೊಲಾಬೊರಾದ ಸಂರಚನೆಯಲ್ಲಿ (ಸೆಟ್ಟಿಂಗಿನಲ್ಲಿ) ಬರೆದಿರಬೇಕು. ಹಾಗೆಯೇ ನೆಕ್ಸ್ಟ್‌ಕ್ಲೌಡಿನ ನಂಬುಗೆಯ ಡೊಮೇನ್‌ಗಳ ಪಟ್ಟಿಯಲ್ಲಿ ನಮ್ಮ ತಾಣದ ಹೆಸರು ಇರಬೇಕು. ಕೊನೆಯದು, ಹೊರಗಿನ ಕೋರಿಕೆಗಳನ್ನು ಒಳಕ್ಕೆ ದಾಟಿಸಲು ಮುಂದೆ ನಿಲ್ಲಿಸಿದ್ದ ಎನ್‌ಜಿನ್‌ಎಕ್ಸ್ ಸರ್ವರ್ ವೆಬ್‌ಸಾಕೆಟ್ ಸಂಪರ್ಕವನ್ನು, ಅಂದರೆ ಬ್ರೌಸರಿಗೂ ಸರ್ವರಿಗೂ ನಡುವೆ ತೆರೆದೇ ಇರುವ ದಾರಿಯನ್ನು, ಹಿಂದಕ್ಕೆ ದಾಟಿಸುತ್ತಿರಲಿಲ್ಲ. ಕಡತ ಒತ್ತಿದರೆ ಬಿಳಿ ಪರದೆ, ತಿರುಗುವ ಚಕ್ರ, ದೋಷ ಸಂದೇಶವೂ ಇಲ್ಲ. ಎನ್‌ಜಿನ್‌ಎಕ್ಸ್ ಕಡತದಲ್ಲಿ ಎರಡು ಸಾಲು ಸೇರಿಸಿದ ಕೂಡಲೇ ಕೈಪಿಡಿಯ ಮುಖಪುಟ ತೆರೆದುಕೊಂಡಿತು.

ಪ್ರಯೋಗ ಮುಗಿದ ಮೇಲೆ ಇದನ್ನೆಲ್ಲ ತಿಂಗಳ ಬಾಡಿಗೆಯ ಸರ್ವರಿಗೆ ಸಾಗಿಸಿದೆವು, ಏಕೆಂದರೆ ನಮ್ಮ ಕಚೇರಿಯ ಇಂಟರ್ನೆಟ್ ಸಂಪರ್ಕಕ್ಕೆ ಹೊರಗಿನಿಂದ ತಲುಪಬಹುದಾದ ಸ್ಥಿರ ವಿಳಾಸ ಇರಲಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸಂಪರ್ಕದ ಸುರಕ್ಷತೆಗೆ ಬೇಕಾದ ಉಚಿತ ಪ್ರಮಾಣಪತ್ರ ಪಡೆದೆವು. ನಾವು ಪಡೆದದ್ದರ ಆಯುಸ್ಸು 90 ದಿನ. ತಾನಾಗಿ ನವೀಕರಣವಾಗುವಂತೆ ಅಂದೇ ಮಾಡಿಟ್ಟುಬಿಡುವುದು ಒಳ್ಳೆಯದು.

ಇನ್ನು ಕನ್ನಡದ ವಿಷಯ. ನನ್ನ ಮಟ್ಟಿಗೆ ಇಡೀ ಕೆಲಸದ ನಿಜವಾದ ಪರೀಕ್ಷೆ ಇದೇ ಆಗಿತ್ತು.

ಕಡತ ತೆರೆಯಿತು, ಆದರೆ ಪುಟದ ತುಂಬ ಖಾಲಿ ಚೌಕಗಳು. ವಿಚಿತ್ರವೆಂದರೆ ಪಕ್ಕದಲ್ಲಿ ಬರೆದ ಟಿಪ್ಪಣಿ ಮಾತ್ರ ಸ್ಪಷ್ಟ ಕನ್ನಡದಲ್ಲಿತ್ತು. ಕಾರಣ ತಿಳಿದಾಗ ಬಹಳಷ್ಟು ಗೊಂದಲ ತೀರಿತು. ಕೊಲಾಬೊರಾದಲ್ಲಿ ಪುಟವನ್ನು ಬಿಡಿಸುವುದು ಸರ್ವರ್. ಬಿಡಿಸಿದ ಚಿತ್ರವನ್ನು ತುಂಡುತುಂಡಾಗಿ ಬ್ರೌಸರಿಗೆ ಕಳುಹಿಸುತ್ತದೆ. ಟಿಪ್ಪಣಿಯನ್ನು ತೋರಿಸುವುದು ಬ್ರೌಸರ್. ಹಾಗಾಗಿ ನಮ್ಮ ಕಂಪ್ಯೂಟರಿನಲ್ಲಿ ಎಷ್ಟು ಕನ್ನಡ ಫಾಂಟುಗಳಿದ್ದರೂ ಪುಟಕ್ಕೆ ಉಪಯೋಗವಿಲ್ಲ, ಅವು ಸರ್ವರಿನಲ್ಲಿರಬೇಕು. ನಾನು ಅಲ್ಲಿ ಹಾಕಿರಲಿಲ್ಲ. ಮೊದಲು ಕೈಗೆ ಸಿಕ್ಕ ಗುಬ್ಬಿ ಫಾಂಟನ್ನು ಹಾಕಿದೆ, ಅಕ್ಷರ ಮೂಡಿತು. ಆದರೆ ನಮ್ಮ ಕೈಪಿಡಿ ಇರುವುದು ನೋಟೋ ಸೆರಿಫ್ ಕನ್ನಡದಲ್ಲಿ. ಫಾಂಟು ಬದಲಾದದ್ದರಿಂದ ಸಾಲು ಮುರಿಯುವ ಜಾಗ ಬದಲಾಯಿತು, ಅಧ್ಯಾಯಗಳ ಪುಟಸಂಖ್ಯೆ ಸರಿಯಿತು. ‘37ನೆಯ ಪುಟ, ಮೇಲಿನಿಂದ ನಾಲ್ಕನೆಯ ಸಾಲು’ ಎಂದು ಒಬ್ಬರು ಬರೆದರೆ ನನ್ನ ಕಂಪ್ಯೂಟರಿನ ಲಿಬ್ರೆ ಆಫೀಸಿನಲ್ಲಿ ತೆರೆದಾಗ ಆ ಸಾಲು 36ರ ತುದಿಯಲ್ಲಿತ್ತು. ಅದೇ ಫಾಂಟನ್ನು ಸರ್ವರಿಗೆ ಹಾಕಿದ ಮೇಲೆ ಪುಟಗಳು ಹೊಂದಿದವು. ಕಂಟೇನರಿನ ಒಳಗೆ ನೇರವಾಗಿ ನಕಲು ಮಾಡಿದ ಫಾಂಟು ಮುಂದಿನ ನವೀಕರಣದಲ್ಲಿ ಅಳಿಸಿಹೋಗುತ್ತದೆ. ಹೊರಗಿನ ಕಡತಕೋಶವೊಂದನ್ನು ಜೋಡಿಸಿ ಅದರಲ್ಲಿಡಬೇಕು. ಪುಟಸಂಖ್ಯೆಯ ಮೇಲೆ ಟಿಪ್ಪಣಿ ಬರೆಯುವುದನ್ನೇ ಅಂದಿನಿಂದ ಬಿಟ್ಟೆವು. ಪದವನ್ನು ಆಯ್ದುಕೊಂಡು ಅದಕ್ಕೇ ಟಿಪ್ಪಣಿ ಅಂಟಿಸಿದರೆ ಪುಟ ಎಲ್ಲಿಗೆ ಸರಿದರೂ ಟಿಪ್ಪಣಿ ಜೊತೆಗೇ ಹೋಗುತ್ತದೆ.

ಎರಡನೆಯ ತೊಡಕು ಹಳೆಯ ಸಂಕೇತದ್ದು. ಪರಿಶೀಲಕರಲ್ಲಿ ಇಬ್ಬರು ವರ್ಷಗಳಿಂದ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡುವವರು. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತು ಇತರ ಲ್ಯಾಟಿನ್ ಚಿಹ್ನೆಗಳು, ಮೇಲೆ ಕನ್ನಡದ ಆಕಾರ ಹೊದಿಸುವುದು ಫಾಂಟು. ಪುಟದಲ್ಲಿ ಫಾಂಟು ಆಯ್ದುಕೊಂಡರೆ ಕನ್ನಡ ಕಾಣುತ್ತದೆ, ಸರಿ. ಟಿಪ್ಪಣಿಯ ಪೆಟ್ಟಿಗೆಗೆ ಆ ಫಾಂಟು ಹೊದಿಸುವವರು ಯಾರು? ಅವರು ಶ್ರದ್ಧೆಯಿಂದ ಬರೆದ ಆರು ಸಾಲಿನ ಟಿಪ್ಪಣಿ ನಮಗೆಲ್ಲ ಚಿಹ್ನೆಗಳ ರಾಶಿಯಾಗಿ ಕಂಡಿತು. ಅದನ್ನು ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡಿಗೆ ಪರಿವರ್ತಿಸಿ ಓದಿಕೊಂಡೆವು, ಆಮೇಲೆ ಇಬ್ಬರ ಮನೆಗೂ ಹೋಗಿ ಕೀಲಿಮಣೆ ಬದಲಾಯಿಸಿಕೊಟ್ಟೆ. ‘ನುಡಿ’ ತಂತ್ರಾಂಶದಲ್ಲಿ ಯೂನಿಕೋಡ್ ಆಯ್ಕೆ ಇದೆ. ಒಬ್ಬರಿಗೆ ಅದೇ ಸಾಕಾಯಿತು, ಬೆರಳಿಗೆ ಅಭ್ಯಾಸವಾದ ಕೀಲಿಗಳೇ ಉಳಿದವು. ಇನ್ನೊಬ್ಬರಿಗೆ ವಿಂಡೋಸ್ ಜೊತೆಗೇ ಬರುವ ಕನ್ನಡ ಫೊನೆಟಿಕ್ ಕೀಲಿಮಣೆಯನ್ನು ಚಾಲನೆ ಮಾಡಿದೆ. ವಿಂಡೋಸ್ 10ರಲ್ಲಿ ಅದು 2019ರ ನವೀಕರಣದಿಂದ ಸಿಗುತ್ತಿದೆ. ಪರಿಶೀಲನೆಗೆ ಯಾರನ್ನಾದರೂ ಆಹ್ವಾನಿಸುವಾಗ ಈಗ ನಾನು ಮೊದಲು ಕೇಳುವುದು ‘ಯಾವುದರಲ್ಲಿ ಟೈಪ್ ಮಾಡುತ್ತೀರಿ?’ ಎಂದು.

ಪ್ರತಿಯೊಬ್ಬರಿಗೂ ಅವರದೇ ಖಾತೆ ಕೊಟ್ಟೆವು. ಬಿಡಿ ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ ಬಳಸುವಾಗ ಬಳಕೆದಾರರ ವಿವರದಲ್ಲಿ ಹೆಸರು ತುಂಬದಿದ್ದರೆ ಟಿಪ್ಪಣಿಗಳು ಅಜ್ಞಾತ ಲೇಖಕರ ಹೆಸರಿನಲ್ಲಿ ಬರುತ್ತವೆ. ಹಿಂದೆ ಬಂದ ಏಳು ಪ್ರತಿಗಳಲ್ಲಿ ಮೂರು ಹಾಗೆಯೇ ಇದ್ದವು. ಖಾತೆಯಿದ್ದರೆ ಆ ಸಮಸ್ಯೆ ಇಲ್ಲ.

ಬಳಕೆಯ ಶಿಸ್ತನ್ನು ಕಲಿಸಿದ್ದು ಒಂದು ಅವಘಡ. ನಾಲ್ಕನೆಯ ಅಧ್ಯಾಯದಲ್ಲಿ ಒಂದೇ ವಿಷಯ ಎರಡು ಸಲ ಬಂದಿದೆ ಎಂದು ಪರಿಶೀಲಕರೊಬ್ಬರು ಇಡೀ ಪ್ಯಾರಾ ಅಳಿಸಿದರು. ಬದಲಾವಣೆ ದಾಖಲಿಸುವ ಸೌಲಭ್ಯ ಆಗ ಚಾಲನೆಯಲ್ಲಿರಲಿಲ್ಲ. ಪ್ಯಾರಾ ಹೋದಾಗ ಅದಕ್ಕೆ ಅಂಟಿದ್ದ ಇಬ್ಬರ ಟಿಪ್ಪಣಿಗಳೂ ಹೋದವು. ನೆಕ್ಸ್ಟ್‌ಕ್ಲೌಡ್ ಹಳೆಯ ಆವೃತ್ತಿಗಳನ್ನು ಇಟ್ಟುಕೊಂಡಿರುವುದರಿಂದ ಅವನ್ನು ಹಿಂದಕ್ಕೆ ತರಲಾಯಿತು. ಆದರೆ ಅಳಿಸಿದ್ದು ನನ್ನ ಕಣ್ಣಿಗೆ ಬಿದ್ದದ್ದು ಆಕಸ್ಮಿಕ. ಅಂದಿನಿಂದ ಬದಲಾವಣೆಯ ದಾಖಲೆ ಸದಾ ಚಾಲನೆಯಲ್ಲಿರುತ್ತದೆ, ಅದನ್ನು ನಿಲ್ಲಿಸದಂತೆ ಪಾಸ್‌ವರ್ಡ್ ಹಾಕಿದ್ದೇನೆ. ಪ್ರತಿ ಸುತ್ತು ಶುರುವಾಗುವ ಮೊದಲು ಆವೃತ್ತಿಗೊಂದು ಹೆಸರು ಕೊಡುತ್ತೇನೆ: ‘ಮೊದಲ ಸುತ್ತಿಗೆ ಮುಂಚೆ’, ‘ಕೋಷ್ಟಕ ತಿದ್ದಿದ ಮೇಲೆ’. ಹಳೆಯ ಆವೃತ್ತಿಗಳನ್ನು ನೆಕ್ಸ್ಟ್‌ಕ್ಲೌಡ್ ಕಾಲಕ್ರಮೇಣ ತೆಗೆದುಹಾಕುತ್ತದೆ, ಹೆಸರಿಟ್ಟವನ್ನು ಉಳಿಸಿಕೊಳ್ಳುತ್ತದೆ.

ಟಿಪ್ಪಣಿಯನ್ನು ‘ಬಗೆಹರಿದಿದೆ’ ಎಂದು ಗುರುತಿಸುವವರು ಯಾರು ಎಂಬುದು ನಮ್ಮಲ್ಲಿ ಬಹಳ ಚರ್ಚೆಯಾದ ವಿಷಯ. ತಿದ್ದಿದವರೇ ಮುಚ್ಚಿದರೆ ಕೆಲಸ ಬೇಗ ಸಾಗುತ್ತದೆ, ನಿಜ. ನಾನು ಒಪ್ಪಲಿಲ್ಲ. ಪ್ರಶ್ನೆ ಕೇಳಿದವರಿಗೆ ಉತ್ತರ ಸಮಾಧಾನ ಕೊಟ್ಟಿತೋ ಇಲ್ಲವೋ ಹೇಳಬೇಕಾದವರು ಅವರೇ. ಆದ್ದರಿಂದ ತಿದ್ದಿದವರು ಟಿಪ್ಪಣಿಯ ಕೆಳಗೆ ಉತ್ತರ ಬರೆಯುತ್ತಾರೆ, ಕೇಳಿದವರು ಮುಚ್ಚುತ್ತಾರೆ. ಒಪ್ಪದಿದ್ದಾಗ ಕಾರಣ ಬರೆಯುವುದು ಕಡ್ಡಾಯ. ಹತ್ತು ದಿನ ಯಾರೂ ಬರದಿದ್ದರೆ ಸಂಪಾದಕಿಯಾಗಿ ನಾನು ನನ್ನ ಹೆಸರಿನಲ್ಲಿ ಒಂದು ಸಾಲು ಬರೆದು ಮುಚ್ಚುತ್ತೇನೆ. ‘ಇದು ಸರಿಯಿಲ್ಲ’ ಎಂದಷ್ಟೇ ಬರೆಯುತ್ತಿದ್ದವರಿಗೆ ‘ಬದಲಿಗೆ ಏನಿರಬೇಕು?’ ಎಂಬ ನನ್ನ ಉತ್ತರ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ಎರಡನೆಯ ಸುತ್ತಿನ ಹೊತ್ತಿಗೆ ಬದಲಿ ವಾಕ್ಯವನ್ನು ಅವರೇ ಬರೆಯತೊಡಗಿದ್ದರು.

ಭಾಷೆ ನೋಡುವ ಮೇಷ್ಟರು ಕಂಪ್ಯೂಟರ್ ಮುಟ್ಟುವುದಿಲ್ಲ. ಎಂಬತ್ತರ ಹತ್ತಿರದ ವಯಸ್ಸು, ಪೆನ್ಸಿಲ್ ಹಿಡಿದರೆ ಒಂದು ದೀರ್ಘವೂ ತಪ್ಪಿಸಿಕೊಳ್ಳುವುದಿಲ್ಲ. ವ್ಯವಸ್ಥೆಗಾಗಿ ಅಂಥವರನ್ನು ಬಿಡಲು ನಾನು ಸಿದ್ಧಳಿರಲಿಲ್ಲ. ಲಿಬ್ರೆ ಆಫೀಸಿನ ಮುದ್ರಣ ಕಿಟಕಿಯಲ್ಲಿ ಟಿಪ್ಪಣಿಗಳನ್ನು ಅಂಚಿನಲ್ಲಿ ಅಚ್ಚು ಹಾಕುವ ಆಯ್ಕೆಯಿದೆ. ಉಳಿದವರ ಮಾತೂ ಕಾಣುವಂತೆ ಹಾಗೆ ಮುದ್ರಿಸಿ ಅವರಿಗೆ ಕೊಡುತ್ತೇನೆ. ಅವರು ಗುರುತು ಮಾಡಿದ್ದನ್ನು ಅವರ ಮನೆಯ ಜಗುಲಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಅವರಿಗಾಗಿ ತೆರೆದ ಖಾತೆಯಿಂದ ಟಿಪ್ಪಣಿಯಾಗಿ ಸೇರಿಸುತ್ತೇನೆ. ಸೇರಿಸಿದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ. ಒಮ್ಮೆ ಎಂಜಿನಿಯರರ ಟಿಪ್ಪಣಿಯೊಂದನ್ನು ಅಂಚಿನಲ್ಲಿ ಓದಿ, ‘ಇವರು ಹೇಳಿದ್ದು ಸರಿ, ಆದರೆ ಓದುವವನಿಗೆ ಗುಣಾಂಕ ಎಂದರೆ ಏನು ತಿಳಿಯಬೇಕಮ್ಮಾ?’ ಎಂದರು. ‘ಬಿದ್ದ ನೂರು ಕೊಡದಲ್ಲಿ ಎಂಬತ್ತು ಕೊಡ ಕೈಗೆ ಸಿಗುತ್ತದೆ’ ಎಂಬ ವಾಕ್ಯ ಅವರು ಹೇಳಿದ್ದು. ಎರಡನೆಯ ಮುದ್ರಣದಲ್ಲಿ 59,520ರ ಮೇಲಿನ ಸಾಲಾಗಿ ಅದೇ ಹೋಗಲಿದೆ.

ಸುತ್ತು ಮುಗಿದ ಮೇಲೆ ಎಲ್ಲ ಟಿಪ್ಪಣಿಗಳ ಪಟ್ಟಿ ಬೇಕಾಗುತ್ತದೆ. ಓಡಿಟಿ ಕಡತ ಎಂದರೆ ಒಂದು ಜಿಪ್ ಗಂಟು. ಬಿಚ್ಚಿದರೆ ಒಳಗಿನ ಎಕ್ಸ್‌ಎಂಎಲ್ ಕಡತದಲ್ಲಿ ಪ್ರತಿ ಟಿಪ್ಪಣಿ, ಬರೆದವರ ಹೆಸರು, ದಿನಾಂಕ, ಬಗೆಹರಿದಿದೆಯೇ ಎಂಬ ಗುರುತು ಎಲ್ಲವೂ ಓದಬಹುದಾದ ರೂಪದಲ್ಲೇ ಇರುತ್ತವೆ. ಅವನ್ನು ಹೆಕ್ಕಿ ಕೋಷ್ಟಕಕ್ಕೆ ಹಾಕುವ ಪೈಥಾನ್ ಭಾಷೆಯ ಪುಟ್ಟ ಪ್ರೋಗ್ರಾಮನ್ನು ನನ್ನ ಅಣ್ಣನ ಮಗಳು ಬರೆದುಕೊಟ್ಟಳು, ನಲವತ್ತು ಸಾಲು ಕೂಡ ಇಲ್ಲ. ಆ ಕೋಷ್ಟಕಕ್ಕೆ ‘ಒಪ್ಪಿದೆ, ಭಾಗಶಃ ಒಪ್ಪಿದೆ, ಒಪ್ಪಿಲ್ಲ’ ಎಂಬ ಒಂದು ಅಂಕಣ ಸೇರಿಸಿ ಪ್ರತಿ ಪರಿಶೀಲಕರಿಗೂ ಕಳುಹಿಸುತ್ತೇನೆ. ಎಂಜಿನಿಯರರಿಗೆ ಮೊದಲ ಕೋಷ್ಟಕ ಹೋದ ದಿನ ಅವರಿಂದ ಬಂದ ಉತ್ತರ ‘ತಲುಪಿತು, ಸಂತೋಷ’ ಎಂಬ ಎರಡು ಪದ.

ಬ್ಯಾಕಪ್ ಬಗ್ಗೆ ಒಂದು ಮಾತು: ಕಡತಗಳ ಕೋಶವನ್ನಷ್ಟೇ ನಕಲು ಮಾಡಿದರೆ ಸಾಲದು. ಖಾತೆಗಳು, ಹಂಚಿಕೆಗಳು, ಆವೃತ್ತಿಯ ಹೆಸರುಗಳು ದತ್ತಸಂಚಯದಲ್ಲಿರುತ್ತವೆ. ಅದರ ಪ್ರತಿಯನ್ನೂ ಸಂರಚನೆಯ ಕಡತವನ್ನೂ ಜೊತೆಗೇ ತೆಗೆದಿಡಬೇಕು. ನಾವು ಪ್ರತಿ ರಾತ್ರಿ ತೆಗೆಯುತ್ತೇವೆ, ತಿಂಗಳಿಗೊಮ್ಮೆ ಹಳೆಯ ಡೆಸ್ಕ್‌ಟಾಪಿನಲ್ಲಿ ಅದನ್ನು ಮರಳಿ ಎಬ್ಬಿಸಿ ನೋಡುತ್ತೇವೆ.

ಈ ವಾರ ಐದನೆಯ ಅಧ್ಯಾಯದ ಮೇಲೆ ಕೆಲಸ ನಡೆಯುತ್ತಿದೆ. ತೆರೆದಿರುವ ಟಿಪ್ಪಣಿ ಒಂದೇ. ಕೊಳವೆಬಾವಿಯ ಪಕ್ಕ ತೋಡುವುದಕ್ಕೆ ‘ಜಲ ಮರುಪೂರಣ ಗುಂಡಿ’ ಎಂದು ಎಂಜಿನಿಯರ್ ಬರೆದಿದ್ದರು. ‘ಇಂಗುಗುಂಡಿ ಎಂಬ ಮಾತಿರುವಾಗ ಇದೇಕೆ?’ ಎಂದು ಮೇಷ್ಟರು. ಎಲ್ಲ ಇಂಗುಗುಂಡಿಯ ನೀರೂ ಕೊಳವೆಬಾವಿಗೆ ಹೋಗುವುದಿಲ್ಲ, ಎರಡರ ರಚನೆ ಬೇರೆ ಎಂದು ಎಂಜಿನಿಯರರ ಉತ್ತರ, ಜೊತೆಗೆ ಕೈಯಲ್ಲಿ ಬಿಡಿಸಿದ ಎರಡು ಚಿತ್ರ. ಅವನ್ನು ಮುದ್ರಿಸಿಕೊಂಡು ಭಾನುವಾರ ಮೇಷ್ಟರ ಮನೆಗೆ ಹೋಗುತ್ತಿದ್ದೇನೆ.