ಆರ್ಕೇಡ್ ಮಾನಿಟರ್ ಮನೆಯ ಕಂಪ್ಯೂಟರ್‌ಗೆ ಹೊಂದಿಸಿದ್ದು: ನನ್ನ ಅನುಭವ

ಮಂಗಳೂರು ಬಂದರಿನ ಗುಜರಿ ಅಂಗಡಿಯಲ್ಲಿ ಹಳೇ ವಿಡಿಯೋ ಗೇಮ್ ಪೆಟ್ಟಿಗೆಯ ಮಾನಿಟರ್ ಸಿಕ್ಕಿತು. ಕಂಪ್ಯೂಟರ್‌ನ ವಿಜಿಎ (ಮಾನಿಟರ್‌ಗೆ ಚಿತ್ರ ಕಳಿಸುವ ಹಳೇ ಬಗೆಯ ಸಂಪರ್ಕ) ಕೊಟ್ಟರೆ ಚಿತ್ರ ಎರಡೆರಡಾಗಿ ಕಾಣುತ್ತಿತ್ತು, ಓರೆ ಗೆರೆಗಳು ಓಡುತ್ತಿದ್ದವು.

ಕೇಬಲ್ ಬದಲಿಸಿದೆ. ಕನೆಕ್ಟರ್‌ನ ಪಿನ್‌ಗಳು ಉಪ್ಪುಗಾಳಿಗೆ ಹಸಿರುಗಟ್ಟಿದ್ದವು, ಅವನ್ನೂ ಉಜ್ಜಿದೆ. ರೆಸಲ್ಯೂಶನ್ 640x480ಕ್ಕೆ ಇಳಿಸಿದೆ. ಏನೂ ಆಗಲಿಲ್ಲ. ಆಗಬೇಕಾದ್ದೂ ಇಲ್ಲ: ಆ ಮೋಡ್‌ನಲ್ಲೂ ವಿಜಿಎ 31.5 ಕಿಲೋಹರ್ಟ್ಸ್‌ನಲ್ಲೇ, ಅಂದರೆ ಸೆಕೆಂಡಿಗೆ ಸುಮಾರು 31,500 ಸಲ, ಪರದೆಯ ಮೇಲೆ ಗೆರೆ ಎಳೆಯುತ್ತದೆ. ಈ ಮಾನಿಟರ್‌ಗೆ ಬೇಕಾದ್ದು ಅದರ ಅರ್ಧ, ಸುಮಾರು 15.7.

ಮೊದಲು ಕರೆಂಟಿನ ವಿಷಯ. ನನ್ನದು 110 ವೋಲ್ಟಿನದು, ಅದರ ಚಾಸಿಗೆ (ಒಳಗಿನ ಸರ್ಕ್ಯೂಟ್ ಕೂತ ಲೋಹದ ಚೌಕಟ್ಟಿಗೆ) ನೇರ ಮೇನ್ಸ್ ಸಂಪರ್ಕ ಇರುತ್ತದೆ. ಹಾಗಾಗಿ 230ರಿಂದ 110ಕ್ಕೆ ಇಳಿಸುವ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ (ಮೇನ್ಸ್‌ನಿಂದ ಪೂರ್ತಿ ಬೇರ್ಪಡಿಸುವಂಥದ್ದು) ಬೇಕೇ ಬೇಕು. ಅಗ್ಗಕ್ಕೆ ಸಿಗುವ ಆಟೋ ಟ್ರಾನ್ಸ್‌ಫಾರ್ಮರ್ ಹಾಕಲೇಬೇಡಿ, ಅದು ಹಾಗೆ ಬೇರ್ಪಡಿಸುವುದಿಲ್ಲ, ಶಾಕ್ ಹೊಡೆಯುತ್ತದೆ, ಕಂಪ್ಯೂಟರೂ ಸುಡಬಹುದು. ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ, ಟ್ಯೂಬಿಗೆ ದಪ್ಪ ವೈರ್ ಸೇರುವ ಕಡೆಯ ಕೆಂಪು ರಬ್ಬರ್ ಟೋಪಿ ಮುಟ್ಟಬೇಡಿ.

ಆಮೇಲೆ ಆ 15.7 ಕಿಲೋಹರ್ಟ್ಸ್ ಕೊಡಬಲ್ಲ ಹಳೇ ರೇಡಿಯಾನ್ ಗ್ರಾಫಿಕ್ಸ್ ಕಾರ್ಡ್ ಹಾಕಿ, ಲಿನಕ್ಸ್‌ನಲ್ಲಿ ಈ ಮೋಡ್‌ಲೈನ್ (ಚಿತ್ರದ ಅಳತೆ, ವೇಗ ಹೇಳುವ ಸಾಲು) ಬರೆದೆ. ಅಂಕಿಗಳು ಇದೇ ಕ್ರಮದಲ್ಲಿ ಇರಬೇಕು:

12.336 640 662 720 784 480 488 494 525, ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆ ಎಳೆಯುವುದು), ಅಡ್ಡ ಮತ್ತು ಉದ್ದ ಎರಡೂ ಸಿಂಕ್ (ಗೆರೆ, ಚಿತ್ರ ಶುರುವಾಗುವ ಸೂಚನೆ) ನೆಗೆಟಿವ್.

ಮಾನಿಟರ್ ವೈರ್ ಜೋಡಿಸುವ ಮೊದಲೇ ಈ ಮೋಡ್ ಆನ್ ಆಗಿರಲಿ. 31 ಕಿಲೋಹರ್ಟ್ಸ್ ಜಾಸ್ತಿ ಹೊತ್ತು ಕೊಟ್ಟರೆ ಮಾನಿಟರ್‌ನಲ್ಲಿ ಅಡ್ಡ ಗೆರೆ ಎಳೆಸುವ ಹಾರಿಜಾಂಟಲ್ ಟ್ರಾನ್ಸಿಸ್ಟರ್ ಹೋಗುವ ಅಪಾಯ ಇದೆ.

ಚಿತ್ರ ಓಡದೆ ಸ್ಥಿರವಾಗಿ ನಿಂತಿತು, ಆದರೆ ಮಂಕು. ವಿಜಿಎ ಕೊಡುವುದು 0.7 ವೋಲ್ಟ್ ಮಾತ್ರ, ಆರ್ಕೇಡ್ ಬೋರ್ಡ್ ಅದಕ್ಕಿಂತ ಜಾಸ್ತಿ ಕೊಡುತ್ತದೆ ಅಲ್ವಾ! ನಡುವೆ ಕೆಂಪು, ಹಸಿರು, ನೀಲಿ ಸಿಗ್ನಲ್ ಹೆಚ್ಚಿಸುವ ಸಣ್ಣ ಆರ್‌ಜಿಬಿ ಆಂಪ್ಲಿಫಯರ್ ಸೇರಿಸಿದೆ. ಈಗ ಬಿಳಿ ನಿಜಕ್ಕೂ ಬಿಳಿ.