ರ‍್ಯಾಂಡಮ್ ಆಗಿ ಹಂಚಿದರೂ ಎರಡು ಗುಂಪಿನ ವಯಸ್ಸು ಹೊಂದದಿದ್ದಾಗ
ತೀರ್ಥಹಳ್ಳಿ, ಹೊಸನಗರ ಕಡೆಯ 240 ಅಡಿಕೆ ಬೆಳೆಗಾರರನ್ನು ರ‍್ಯಾಂಡಮ್ ಆಗಿ (ಚೀಟಿ ಎತ್ತಿದ ಹಾಗೆ) ಎರಡು ಪಾಲು ಮಾಡಿದ್ದೆ. ಒಂದು ಗುಂಪಿಗೆ ಮಾತ್ರ ಬೋರ್ಡೋ (ಕೊಳೆರೋಗಕ್ಕೆ ಹಾಕುವ ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವ ದಿನ ನೆನಪಿಸುವ ಮೆಸೇಜು. ಸರಾಸರಿ ವಯಸ್ಸು ಒಂದರಲ್ಲಿ 51.2, ಇನ್ನೊಂದರಲ್ಲಿ 48. ಎರಡು ಸರಾಸರಿ ಹೋಲಿಸುವ ಟಿ-ಟೆಸ್ಟಿನ ಪಿ 0.04, ಅಂದರೆ ಬರೀ ಆಕಸ್ಮಿಕದಿಂದ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಬರುವ ಸಾಧ್ಯತೆ ನೂರಕ್ಕೆ ನಾಲ್ಕು.

ಮತ್ತೆ ಹಂಚೋಣ ಅಂದರೆ ಮೆಸೇಜು ಆಗಲೇ ಹೋಗಿತ್ತು. ವಯಸ್ಸಾದ ಕೆಲವರನ್ನು ಪಟ್ಟಿಯಿಂದ ತೆಗೆದೆ, ವಯಸ್ಸು ಹೊಂದಿತು, ಆದರೆ ತೋಟದ ಎಕರೆ ಎರಡು ಗುಂಪಿನಲ್ಲಿ ಹೊಂದದೆ ಹೋಯಿತು. ಹಾಗೆ ತೆಗೆದರೆ ರ‍್ಯಾಂಡಮ್ ಅನ್ನುವುದೇ ಉಳಿಯುವುದಿಲ್ಲ. ವಯಸ್ಸು, ಎಕರೆ ಹೀಗೆ ಇಪ್ಪತ್ತು ಅಂಶಕ್ಕೂ ಟಿ-ಟೆಸ್ಟ್ ಮಾಡಿದ್ದು ಸುಮ್ನೆ. ಹಂಚಿದ್ದು ಸರಿಯಿದ್ದರೆ ವ್ಯತ್ಯಾಸ ಏನಿದ್ದರೂ ಆಕಸ್ಮಿಕವೇ ಅಲ್ವಾ, ಪಿ ಹೊಸದೇನೂ ಹೇಳುವುದಿಲ್ಲ.

ಕೆಲಸಕ್ಕೆ ಬಂದದ್ದು ಇದು. ಎರಡೂ ಗುಂಪಿನ ವಯಸ್ಸಿನ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಳತೆ) ವರ್ಗ ಮಾಡಿ, ಅವುಗಳ ಸರಾಸರಿ ತೆಗೆದು, ವರ್ಗಮೂಲ ಹಾಕಿ. ನನಗೆ 12 ಬಂತು. ವಯಸ್ಸಿನ ವ್ಯತ್ಯಾಸ 3.2 ಅನ್ನು ಅದರಿಂದ ಭಾಗಿಸಿದರೆ 0.27. 0.1 ದಾಟಿದರೆ ಗಮನ ಕೊಡುವುದು ರೂಢಿ. ಆಮೇಲೆ, ಯಾರು ಔಷಧಿ ಹೊಡೆದರು ಅನ್ನುವ ಕಾಲಂ ತೆರೆಯುವ ಮೊದಲೇ, ರಿಗ್ರೆಷನ್‌ಗೆ (ಬೇರೆ ಅಂಶಗಳ ವ್ಯತ್ಯಾಸ ಸರಿದೂಗಿಸಿ ಮೆಸೇಜಿನ ಪರಿಣಾಮ ಅಳೆಯುವ ಲೆಕ್ಕ) ವಯಸ್ಸು, ಎಕರೆ ಎರಡನ್ನೂ ಸೇರಿಸುತ್ತೇನೆ ಅಂತ ದಿನಾಂಕ ಹಾಕಿ ಬರೆದಿಟ್ಟೆ. ಈ ಕ್ರಮ ತಪ್ಪಿಸಬೇಡಿ, ಫಲಿತಾಂಶ ನೋಡಿಕೊಂಡು ಅಂಶ ಆರಿಸಿದರೆ ಅದು ಬೇಕಾದ ಉತ್ತರ ಹುಡುಕಿದ ಹಾಗೆ.

ಎರಡನೇ ಸುತ್ತಿಗೆ ಮೊದಲೇ ಎರಡು ತಾಲ್ಲೂಕು, ಪ್ರತಿಯೊಂದರಲ್ಲೂ ವಯಸ್ಸು 50ರ ಒಳಗೆ, 50 ಮತ್ತು ಮೇಲೆ ಅಂತ ನಾಲ್ಕು ಪಟ್ಟಿ ಮಾಡಿದೆ. ಆರ್ ಅನ್ನುವ ಸಾಫ್ಟ್‌ವೇರಿನಲ್ಲಿ ಸೀಡ್ (ಅದೇ ಹಂಚಿಕೆ ಮತ್ತೆ ಬರುವಂತೆ ಕೊಡುವ ಸಂಖ್ಯೆ) ಹಾಕಿ, ಪ್ರತಿ ಪಟ್ಟಿಯಲ್ಲೂ ನಾಲ್ಕು ನಾಲ್ಕು ಜನರ ಬ್ಲಾಕ್, ಅದರಲ್ಲಿ ಚೀಟಿ ಎತ್ತಿದ ಹಾಗೆ ಇಬ್ಬರು ಮೆಸೇಜಿನ ಗುಂಪಿಗೆ, ಇಬ್ಬರು ಇನ್ನೊಂದಕ್ಕೆ.