ದೆವ್ವಕ್ಕಿಂತ ಮೊದಲು ಪ್ರಿಂಟ್

ಹಾಸ್ಯಚಿತ್ರದ ಕ್ಯಾಸೆಟ್ ಎಷ್ಟೇ ಸವೆದಿದ್ದರೂ ನಗು ಬರುತ್ತದೆ. ಹಾಡುಗಳಿಗಾಗಿ ನೋಡುವ ಚಿತ್ರವೂ ಹೇಗೋ ಸಾಗುತ್ತದೆ. ದೆವ್ವದ ಚಿತ್ರಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಅದರ ಜೀವ ಇರುವುದು ಕತ್ತಲಲ್ಲಿ, ಚೌಕಟ್ಟಿನ ಅಂಚಿನಲ್ಲಿ, ಕೇಳಿಯೂ ಕೇಳದಂತಿರುವ ಸದ್ದಿನಲ್ಲಿ. ಸವೆದ ಟೇಪು, ಅಗ್ಗದ ಸಿ.ಡಿ. ಮೊದಲು ಬಲಿ ತೆಗೆದುಕೊಳ್ಳುವುದು ಈ ಮೂರನ್ನೇ. ಹಾಗಾಗಿ ಇಂಥ ಚಿತ್ರಗಳನ್ನು ಮನೆಯಲ್ಲಿ ನೋಡಿ ವಿಮರ್ಶೆ ಬರೆಯಲು ಕುಳಿತಾಗ, ನನ್ನ ಕೈಗೆ ಸಿಕ್ಕಿದ್ದು ಚಿತ್ರದ ಎಷ್ಟು ಪಾಲು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುತ್ತೇನೆ. ಚಿತ್ರ ಹೇಗಿದೆ ಎನ್ನುವ ಮಾತು ಆಮೇಲೆ.

ನಾನು ಕಾರವಾರದಲ್ಲಿ ಮಾಸ್ತರಿಕೆ ಮಾಡಿಕೊಂಡು, ಜಿಲ್ಲೆಯ ಒಂದು ವಾರಪತ್ರಿಕೆಗೆ ಹಳೆಯ ಭಯಾನಕ ಚಿತ್ರಗಳ ಬಗ್ಗೆ ಬರೆಯುತ್ತ ಬಂದವನು. ಹುಟ್ಟಿದ್ದು ಶಿರಸಿ ಕಡೆಯ ಹಳ್ಳಿಯಲ್ಲಿ. ಎಂಬತ್ತರ ದಶಕದಲ್ಲಿ ನಮ್ಮೂರಿಗೆ ಟಿ.ವಿ., ಕ್ಯಾಸೆಟ್ ಓಡಿಸುವ ವಿಸಿಪಿ ಎರಡೂ ಪೇಟೆಯಿಂದ ಒಂದು ರಾತ್ರಿಯ ಬಾಡಿಗೆಗೆ ಬರುತ್ತಿದ್ದವು. ಜಗಲಿಯಲ್ಲಿ ಕಂಬಳಿ ಹಾಸಿ ಮೊದಲು ಒಂದು ಭಕ್ತಿಚಿತ್ರ, ಆಮೇಲೆ ಒಂದು ಸಾಂಸಾರಿಕ ಚಿತ್ರ, ಮಕ್ಕಳೆಲ್ಲ ಮಲಗಿದ ಮೇಲೆ, ಹಿಂದಿಯಲ್ಲಿ ಭಯಾನಕ ಚಿತ್ರ ಮಾಡುತ್ತಿದ್ದ ರಾಮ್ಸೆ ಸಹೋದರರ ದೆವ್ವ. ಆ ಮೂರನೆಯ ಕ್ಯಾಸೆಟ್ಟಿನ ಆಸೆಗೆ ನಿದ್ದೆ ಬಂದವರಂತೆ ನಟಿಸಿ ಮಲಗುತ್ತಿದ್ದವರಲ್ಲಿ ನಾನೂ ಒಬ್ಬ.

ಭಾರತೀಯ ಚಿತ್ರವಾದರೆ ನನ್ನ ಕೆಲಸ ಶುರುವಾಗುವುದು ಸೆನ್ಸಾರ್ ಪ್ರಮಾಣಪತ್ರದಿಂದ. ಎಲ್ಲರೂ ಓಡಿಸಿಬಿಡುವ ಆ ಕಾಗದವನ್ನು ನಾನು ತಡೆದು ನಿಲ್ಲಿಸಿ ಓದುತ್ತೇನೆ. ಚಿತ್ರದ ಉದ್ದ ಅಲ್ಲಿ ಮೀಟರ್ ಲೆಕ್ಕದಲ್ಲಿರುತ್ತದೆ. 35 ಮಿ.ಮೀ. ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವಾಗ ನಿಮಿಷಕ್ಕೆ ಸುಮಾರು 27.4 ಮೀಟರ್ ಖರ್ಚಾಗುತ್ತದೆ. 4,000 ಮೀಟರ್ ಎಂದಿದ್ದರೆ ಚಿತ್ರಮಂದಿರದಲ್ಲಿ ಅದು 146 ನಿಮಿಷ ಓಡಿರಬೇಕು. ಡಿಸ್ಕಿನಲ್ಲಿ 125 ನಿಮಿಷ ಮಾತ್ರ ಸಿಕ್ಕಿದರೆ ಯಾರೋ ಕತ್ತರಿ ಆಡಿಸಿದ್ದಾರೆ. ಪ್ರಮಾಣಪತ್ರದ ಕೆಳಮೂಲೆಯಲ್ಲಿ ತ್ರಿಕೋನದ ಗುರುತಿದ್ದರೆ ಮಂಡಳಿಯೇ ಒಂದಿಷ್ಟು ತೆಗೆಸಿದೆ ಎಂದರ್ಥ, ಸಿ.ಡಿ. ಮಾಡಿದವರ ಕತ್ತರಿ ಅದರ ಮೇಲಿನದು. ಎರಡು ಡಿಸ್ಕಿನೊಳಗೆ ತುರುಕುವುದಕ್ಕಾಗಿ ಹಾಡು ತೆಗೆದಿದ್ದರೆ ನಾನು ದೂರುವುದಿಲ್ಲ. ಆದರೆ ಹೋಗಿರುವುದು ಬಹಳ ಸಲ ಮಾತಿಲ್ಲದ ದೃಶ್ಯ, ಯಾರೋ ಲಾಟೀನು ಹಿಡಿದು ಪಡಸಾಲೆಯಲ್ಲಿ ಸುಮ್ಮನೆ ನಡೆದುಹೋಗುವ ದೃಶ್ಯ. ಭಯ ಕಟ್ಟುವುದೇ ಆ ನಡಿಗೆ.

ಈ ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ನಮ್ಮ ದೇಶದ ಕ್ಯಾಸೆಟ್, ಸಿ.ಡಿ.ಗಳು ಪಾಲ್ ಎಂಬ ಟಿ.ವಿ. ಪದ್ಧತಿಯವು, ಸೆಕೆಂಡಿಗೆ 25 ಚೌಕಟ್ಟುಗಳಂತೆ ಓಡುವವು. 24ರ ಫಿಲಂ ಅನ್ನು ಹಾಗೆಯೇ 25ಕ್ಕೆ ಓಡಿಸಿದಾಗ ನೂರು ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ. ನಾಲ್ಕು ನಿಮಿಷ ಕಾಣೆಯಾದರೂ ಒಂದು ಚೌಕಟ್ಟೂ ಹೋಗಿರುವುದಿಲ್ಲ. ಮೇಲಿನ 146 ನಿಮಿಷ ಡಿಸ್ಕಿನಲ್ಲಿ 140 ಆಗಿದ್ದರೆ ಯಾರನ್ನೂ ಬೈಯುವಂತಿಲ್ಲ. ಧ್ವನಿ ಮಾತ್ರ ಅರ್ಧ ಸ್ವರಕ್ಕೆ ಸ್ವಲ್ಪ ಕಡಿಮೆ ಏರಿರುತ್ತದೆ. ರಾಕ್ಷಸನ ಗಡಸು ಕಂಠ ತೆಳುವಾಗಿ ಕೇಳಿಸಿದರೆ ಅದು ನಟನ ತಪ್ಪಲ್ಲ.

ಅಂಚಿನ ವಿಷಯಕ್ಕೆ ಬರುತ್ತೇನೆ. ಜಾನ್ ಕಾರ್ಪೆಂಟರ್ 1978ರಲ್ಲಿ ಮಾಡಿದ 'ಹ್ಯಾಲೋವೀನ್' ಅಗಲ ಪರದೆಯ ಚಿತ್ರ, ಎತ್ತರ ಒಂದಾದರೆ ಅಗಲ 2.35. ಹಳೆಯ ಡಬ್ಬಿ ಟಿ.ವಿ.ಯ ತುಂಬ ಕಾಣುವಂತೆ ಮಾಡಿದ ಪ್ರತಿಯಲ್ಲಿ ಚಿತ್ರದ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಭಾಗ ಹೊರಗುಳಿಯುತ್ತದೆ. ಬೇರೆ ಚಿತ್ರದಲ್ಲಿ ಹೋಗುವುದು ಕುರ್ಚಿ, ಕಿಟಕಿ. ಇಲ್ಲಿ ಹೋಗುವುದು ಕೊಲೆಗಾರ. ಅವನು ನಿಲ್ಲುವುದೇ ಮೂಲೆಯಲ್ಲಿ, ಬೇಲಿಯ ಪಕ್ಕದಲ್ಲಿ, ಯಾರದೋ ಭುಜದ ಆಚೆ. ಆ ಪ್ರತಿಯನ್ನು ನೋಡಿದವರು 'ಏನೂ ಆಗುವುದೇ ಇಲ್ಲವಲ್ಲ' ಎಂದರೆ ಆಶ್ಚರ್ಯವಿಲ್ಲ.

ಅದೇ ಚಿತ್ರದಲ್ಲಿ ನಾಯಕಿ ಗೋಡೆಗೆ ಒರಗಿ ಅಳುತ್ತಿರುವಾಗ ಪಕ್ಕದ ಬಾಗಿಲ ಕತ್ತಲಿನಿಂದ ಬಿಳಿ ಮುಖವಾಡ ನಿಧಾನವಾಗಿ ಮೂಡುತ್ತದೆ. ಛಾಯಾಗ್ರಾಹಕ ಡೀನ್ ಕಂಡಿ ಒಂದು ಸಣ್ಣ ದೀಪವನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ ಇದನ್ನು ಸಾಧಿಸಿದ್ದರು. ಟಿ.ವಿ.ಯ ಬ್ರೈಟ್‌ನೆಸ್ ಜಾಸ್ತಿಯಿದ್ದರೆ ಮುಖವಾಡ ಮೊದಲೇ ಕಾಣುತ್ತದೆ, ಕಡಿಮೆಯಿದ್ದರೆ ಕಾಣುವುದೇ ಇಲ್ಲ. ಎರಡೂ ಸ್ಥಿತಿಯಲ್ಲಿ ದೃಶ್ಯ ಸತ್ತಿತು. ನಾನು ಮಾಡುವುದು ಸರಳ. ಅಂಗಡಿಯಲ್ಲಿ ಹೊಳೆಯಲೆಂದು ಟಿ.ವಿ.ಗೆ ಹಾಕಿಕೊಟ್ಟಿರುವ 'ವಿವಿಡ್' ಹೊಂದಿಕೆಯನ್ನು ತೆಗೆಯುತ್ತೇನೆ. ಆಮೇಲೆ ಚಿತ್ರದ ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿ ಬೂದಿಬಣ್ಣಕ್ಕೆ ತಿರುಗುವವರೆಗೆ ಬ್ರೈಟ್‌ನೆಸ್ ಏರಿಸಿ, ಮತ್ತೆ ಇಳಿಸುತ್ತ ಬಂದು, ಪಟ್ಟಿ ಕಪ್ಪಾದ ಕೂಡಲೇ ನಿಲ್ಲಿಸುತ್ತೇನೆ. ನಮ್ಮ ಮನೆಯಲ್ಲಿ ದೇವರ ಮುಂದಿನ ದೀಪವೊಂದನ್ನು ಬಿಟ್ಟು ಎಲ್ಲ ದೀಪಗಳೂ ಆರಬೇಕು. ಆ ಒಂದಕ್ಕೆ ಹೆಂಡತಿ ಒಪ್ಪಿಲ್ಲ.

ಮೂಕಿ ಚಿತ್ರಗಳಲ್ಲಿ ಪ್ರತಿಯ ಮೋಸ ಇನ್ನೂ ದೊಡ್ಡದು. ಮುರ್ನೌ ಅವರ 1922ರ 'ನೊಸ್ಫೆರಾಟು'ವಿನ ರಾತ್ರಿಯ ದೃಶ್ಯಗಳನ್ನು ಹಗಲಲ್ಲಿ ಚಿತ್ರೀಕರಿಸಿ, ಫಿಲಂಗೆ ನೀಲಿ ಬಣ್ಣ ಕೊಟ್ಟು ರಾತ್ರಿ ಮಾಡಲಾಗಿತ್ತು. ಅಗ್ಗದ ಡಿಸ್ಕುಗಳಲ್ಲಿ ಆ ಬಣ್ಣ ಇರುವುದಿಲ್ಲ, ಬರೀ ಕಪ್ಪು ಬಿಳುಪು. ಬಿಸಿಲಿಗೆ ಸಾಯಬೇಕಾದ ರಕ್ತಪಿಶಾಚಿ ಹಾಡಹಗಲೇ ಶವಪೆಟ್ಟಿಗೆ ಹೊತ್ತುಕೊಂಡು ಊರೆಲ್ಲ ಓಡಾಡುತ್ತಾನೆ. ಕಥೆಯಲ್ಲೇ ತರ್ಕವಿಲ್ಲ ಎಂದು ನಗುವವರಿಗೆ ನಾನು ಬಣ್ಣ ಇರುವ ಪ್ರತಿಯನ್ನು ತೋರಿಸುತ್ತೇನೆ.

ಸದ್ದು ನಮ್ಮ ಕರಾವಳಿಯಲ್ಲಿ ಋತುವಿಗೆ ಸಂಬಂಧಿಸಿದ ಸಂಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಮಳೆ ಹೊಡೆಯುವಾಗ ನಾನು ಮೆಲುದನಿಯ ಚಿತ್ರಗಳ ವಿಮರ್ಶೆಗೆ ಕೈಹಾಕುವುದಿಲ್ಲ. ಆಗ ನೋಡುವುದು ಕಿರುಚಾಟ, ರಕ್ತದೋಕುಳಿಯವು. 1931ರ 'ಡ್ರಾಕುಲಾ'ದಲ್ಲಿ ಶೀರ್ಷಿಕೆ ಮತ್ತು ನಾಟಕಶಾಲೆಯ ದೃಶ್ಯ ಬಿಟ್ಟರೆ ಹಿನ್ನೆಲೆ ಸಂಗೀತ ಇಲ್ಲವೆಂದೇ ಹೇಳಬೇಕು. ಅದರ ಮೌನ ಕೇಳಬೇಕಾದರೆ ಬೇಸಿಗೆಯ ರಾತ್ರಿಯೇ ಬೇಕು. 1942ರ 'ಕ್ಯಾಟ್ ಪೀಪಲ್'ನಲ್ಲಿ ಹೆಣ್ಣೊಬ್ಬಳು ಒಂಟಿಯಾಗಿ ರಾತ್ರಿ ನಡೆಯುತ್ತಾಳೆ. ಹಿಂದೆ ಹೆಜ್ಜೆಯ ಸದ್ದು ಕೇಳುತ್ತಿದ್ದದ್ದು ನಿಲ್ಲುತ್ತದೆ. ನಾವು ಉಸಿರು ಬಿಗಿಹಿಡಿದಿರುವಾಗ ಬುಸ್ ಎಂದು ಎರಗುವುದು ಮೃಗವಲ್ಲ, ಬಸ್ಸಿನ ಬ್ರೇಕು. ಟಿ.ವಿ.ಯಲ್ಲಿ ಸದ್ದನ್ನು ತಾನಾಗಿ ಸಮಮಾಡುವ ವ್ಯವಸ್ಥೆ ಚಾಲೂ ಇದ್ದರೆ ಆ ಬಸ್ಸು ಕುಮಟಾ ಬಸ್ಸಿನ ಹಾಗೆ ತಣ್ಣಗೆ ಬಂದು ನಿಲ್ಲುತ್ತದೆ. ಅದನ್ನು ಆರಿಸಿಡುತ್ತೇನೆ.

ಕಡಿಮೆ ದುಡ್ಡಿನಲ್ಲಿ ತಯಾರಾದ ಆ ಚಿತ್ರದಲ್ಲಿ ಮೃಗವನ್ನು ಪೂರ್ತಿ ತೋರಿಸುವುದು ತೀರಾ ಕಡಿಮೆ. ಇದು ನಮಗೆ ಹೊಸದೇನಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬಂದ ಕೂಡಲೇ ಎದುರು ನಿಲ್ಲುವುದಿಲ್ಲ. ತೆರೆಯ ಹಿಂದೆ ಅಬ್ಬರಿಸುತ್ತ ಕಿರೀಟದ ತುದಿ, ಕೈ, ಕಣ್ಣು ಎಂದು ಒಂದೊಂದೇ ತೋರಿಸುತ್ತ ಮಕ್ಕಳನ್ನು ಅಳಿಸುತ್ತದೆ. ಒಂದು ಚಿತ್ರ ತನ್ನ ತೆರೆಯನ್ನು ಎಷ್ಟು ಹೊತ್ತು ಹಿಡಿದಿತ್ತು, ಯಾವಾಗ ಬಿಟ್ಟಿತು ಎಂಬುದನ್ನು ನಾನು ವಿಮರ್ಶೆಯಲ್ಲಿ ತಪ್ಪದೆ ಬರೆಯುತ್ತೇನೆ. ನನ್ನ ಇನ್ನೊಂದು ಅಳತೆಗೋಲು ಹೆಂಡತಿ. ದೆವ್ವ ಬರುವ ಹೊತ್ತಿಗೆ ಅವಳು ಸೆರಗಿನಿಂದ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕಣ್ಣು ಮುಚ್ಚಿಯೂ ಬೆಚ್ಚಿದರೆ ಆ ಚಿತ್ರದ ಶಬ್ದಗ್ರಾಹಕ ಗೆದ್ದ. 'ಮುಗಿದ ಮೇಲೆ ಹೇಳಿ' ಎಂದು ಗೊರಕೆ ಹೊಡೆದರೆ ಅದೂ ಒಂದು ವಿಮರ್ಶೆಯೇ.

ಇನ್ನು ಬೂಷ್ಟು. ಕಾರವಾರದಲ್ಲಿ ಕ್ಯಾಸೆಟ್ ಇಟ್ಟುಕೊಂಡವನ ನಿಜವಾದ ದೆವ್ವ ಇದು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಮೇಲೆ ಬಿಳಿ ಪುಡಿಯೋ ಜಾಲವೋ ಕಂಡರೆ ಅದನ್ನು ಎಂದಿಗೂ ಯಂತ್ರಕ್ಕೆ ಹಾಕಬಾರದು. ಹಾಕಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಅಂಟಿ, ಅಲ್ಲಿಂದ ಮುಂದಿನ ಎಲ್ಲ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅಂಥವನ್ನು ಬೇರೆ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟು ಒಣಗಿಸುತ್ತೇನೆ. ಪುಡಿ ಪೂರ್ತಿ ಒಣಗಿದ ಮೇಲೆ, ಬಲಿಕೊಡಲೆಂದೇ ಇಟ್ಟುಕೊಂಡ ಹಳೆಯ ವಿಸಿಪಿಯಲ್ಲಿ, ಒಣ ಮೆದುಬಟ್ಟೆ ತಾಗಿಸಿ ನಿಧಾನವಾಗಿ ಸುತ್ತುತ್ತೇನೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ. ಹೆಡ್ ಒರೆಸುವಾಗ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಮೆದುಚರ್ಮವನ್ನು ಅಲುಗಾಡಿಸದೆ ಹಿಡಿದು, ಹೆಡ್ ಕೂತಿರುವ ಡ್ರಮ್ಮನ್ನೇ ಬೆರಳಿನಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಇದನ್ನು ಕಲಿಸಿದ ರೇಡಿಯೋ ರಿಪೇರಿಯವರು ಇತ್ತೀಚೆಗೆ ಹೇಳಿದರು: 'ಮಾಸ್ತರರೇ, ಹಾಳಾದರೆ ನನ್ನ ಹತ್ತಿರ ತರಬೇಡಿ. ಸಾಮಾನು ಸಿಗುವುದಿಲ್ಲ.' ಅವರ ಮಾತು ಸುಳ್ಳಲ್ಲ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಕ್ಯಾಸೆಟ್ಟುಗಳನ್ನು ಪೂರ್ತಿ ರಿವೈಂಡ್ ಮಾಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಕಪಾಟಿನ ಕೆಳಗೆ ಸಣ್ಣ ಬಲ್ಬೊಂದನ್ನು ಮಳೆಗಾಲವಿಡೀ ಉರಿಸುತ್ತೇನೆ. ವಿದ್ಯುತ್ ಇದ್ದಾಗ, ಎಂದು ಸೇರಿಸಬೇಕು.

ಪ್ರತಿಯ ಪಾಪವನ್ನೆಲ್ಲ ಹೀಗೆ ಕಳೆದ ಮೇಲೆ ಉಳಿದದ್ದು ಚಿತ್ರದ್ದು. ಅಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ, ಹಾಗೆಂದು ಗೇಲಿಯನ್ನೂ ಮಾಡುವುದಿಲ್ಲ. ಕೆಟ್ಟ ಚಿತ್ರಗಳನ್ನು ನಗಲಿಕ್ಕೆಂದೇ ನೋಡುವ ಈಚಿನ ರೂಢಿ ನನಗೆ ಸೇರದು. ರಾಮ್ಸೆ ಸಹೋದರರು ಕಥೆ, ಕ್ಯಾಮೆರಾ, ಧ್ವನಿ, ನಿರ್ದೇಶನಗಳನ್ನು ಮನೆಯೊಳಗೇ ಹಂಚಿಕೊಂಡು ಕಡಿಮೆ ದುಡ್ಡಿನಲ್ಲಿ ಚಿತ್ರ ಮಾಡಿದವರು. 1984ರ 'ಪುರಾನಾ ಮಂದಿರ್'ನ ನಡುವೆ ತುರುಕಿದ 'ಶೋಲೆ' ಅಣಕ ಇಂದಿಗೂ ಅಸಹನೀಯ, ಅದನ್ನು ಹಾಗೆಂದೇ ಬರೆದಿದ್ದೇನೆ. ಆದರೆ ಅದರಲ್ಲಿ ರಾಕ್ಷಸನಾದ ಅನಿರುದ್ಧ್ ಅಗರ್‌ವಾಲ್ ಅವರ ಆ ಎತ್ತರದ ನಿಲುವು, ಹೊಗೆಯ ನಡುವಿನ ಕೆಂಪು ನೀಲಿ ಬೆಳಕು ನಗೆಯ ವಸ್ತುಗಳಲ್ಲ.

ಕನ್ನಡದ್ದನ್ನು ಬರೆಯುವಾಗ ತೊಡಕು ಬೇರೆ. ಅನಂತನಾಗ್, ಲಕ್ಷ್ಮಿ ಅಭಿನಯದ 1979ರ 'ನಾ ನಿನ್ನ ಬಿಡಲಾರೆ' ನನಗೆ ಮೊದಲು ಸಿಕ್ಕ ಸಿ.ಡಿ.ಯಲ್ಲಿ ಆಕಾಶ, ಗೋಡೆ, ಮುಖ ಎಲ್ಲವೂ ಗುಲಾಬಿ. ಆ ಕಾಲದ ಈಸ್ಟ್‌ಮನ್ ಬಣ್ಣದ ಪ್ರಿಂಟುಗಳಲ್ಲಿ ಹಸಿರುನೀಲಿ ವರ್ಣ ಬೇಗ ಮಾಸಿ ಕೆಂಪು ಮಾತ್ರ ಉಳಿಯುತ್ತದೆ. ಅಂಥ ಪ್ರಿಂಟಿನಿಂದಲೇ ಸಿ.ಡಿ. ಮಾಡಿದ್ದಾರೆ. ಬಣ್ಣದ ಬಗ್ಗೆ ಒಂದು ಮಾತೂ ಆಡದೆ ಲಕ್ಷ್ಮಿಯವರ ಕಣ್ಣು, ಕಂಠಗಳ ಬಗ್ಗೆ ಮಾತ್ರ ಬರೆದೆ. ಅವು ಮಾಸಿಲ್ಲ.

ಬರೆಯುವ ಕ್ರಮ ಇಷ್ಟೇ. ಮೊದಲ ನೋಟದಲ್ಲಿ ಪೆನ್ನು ಮುಟ್ಟುವುದಿಲ್ಲ. ಎರಡನೆಯ ಸಲ ಮರುದಿನ ಹಗಲಲ್ಲಿ ನೋಡಿ ಟಿಪ್ಪಣಿ ಮಾಡುತ್ತೇನೆ. ಹಗಲಲ್ಲಿ ಭಯದ ಹೊಲಿಗೆಗಳು ಕಾಣುತ್ತವೆ. ಲೇಖನದ ಮೊದಲ ಸಾಲಿನಲ್ಲೇ ನೋಡಿದ್ದು ಕ್ಯಾಸೆಟ್ಟೋ ಡಿಸ್ಕೋ, ಎಷ್ಟು ನಿಮಿಷದ್ದು, ಅಗಲ ಪೂರ್ತಿ ಇತ್ತೇ ಎಂದು ತಿಳಿಸುತ್ತೇನೆ. ಸಂಪಾದಕರು ಒಮ್ಮೆ, ಓದುಗರು ನಕ್ಷತ್ರ ಕೇಳುತ್ತಿದ್ದಾರೆ, ಐದಕ್ಕೆ ಎಷ್ಟು ಎಂದು ಹಾಕಿಬಿಡಿ ಎಂದರು. ಚಿತ್ರಕ್ಕೊಂದು, ಪ್ರತಿಗೊಂದು, ಎರಡು ಸಾಲು ನಕ್ಷತ್ರ ಹಾಕುವುದಾದರೆ ಆಗಬಹುದು ಎಂದೆ. ಅಷ್ಟು ಜಾಗವಿಲ್ಲ ಎಂದರು.